ಗ್ಲಿಚ್ ಆರ್ಟ್ ಶುರು ಮಾಡಲು ಯಾವ ದಾರಿ: ಹೆಕ್ಸ್ ಎಡಿಟರ್, ಆಡಾಸಿಟಿ, ಪಿಕ್ಸೆಲ್ ಸಾರ್ಟಿಂಗ್, ಇಲ್ಲ ಆ್ಯಪ್?

ಫೋಟೊ ಫೈಲನ್ನು ಬೇಕಂತಲೇ ಕೆಡಿಸಿ ಗ್ಲಿಚ್ ಆರ್ಟ್ ಮಾಡಬೇಕು ಅನ್ನುವವರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವುದರಿಂದ ಶುರು ಮಾಡಲಿ? ಒಬ್ಬರು ಹೆಕ್ಸ್ ಎಡಿಟರ್ ಅನ್ನುತ್ತಾರೆ, ಅಂದರೆ ಫೈಲಿನ ಬೈಟ್‌ಗಳನ್ನೇ ತೋರಿಸಿ ತಿದ್ದಲು ಬಿಡುವ ಸಾಫ್ಟ್‌ವೇರ್. ಇನ್ನೊಬ್ಬರು ಫೋಟೊವನ್ನು ಆಡಿಯೊ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ ಅನ್ನುತ್ತಾರೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ ಅನ್ನುವವರೂ ಇದ್ದಾರೆ, ಅಷ್ಟೆಲ್ಲ ಯಾಕೆ, ಆ್ಯಪ್ ಇದೆಯಲ್ಲ ಅನ್ನುವವರೂ ಇದ್ದಾರೆ. ಇವರಲ್ಲಿ ಯಾರದ್ದೂ ತಪ್ಪಲ್ಲ. ಆದರೆ ಈ ದಾರಿಗಳು ಒಂದೇ ಊರಿಗೆ ಹೋಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಸಾಫ್ಟ್‌ವೇರ್ ಅನ್ನುವುದಕ್ಕಿಂತ ಯಾವ ಫಾರ್ಮ್ಯಾಟ್‌ನ ಫೈಲು ಅನ್ನುವುದು ಮುಖ್ಯ. ಜೆಪೆಗ್ ಕೆಡುವ ರೀತಿಯೇ ಬೇರೆ, ಬಿಎಂಪಿ ಕೆಡುವ ರೀತಿಯೇ ಬೇರೆ. ನೆದರ್‌ಲ್ಯಾಂಡ್ಸ್‌ನ ಕಲಾವಿದೆ ರೋಸಾ ಮೆಂಕ್‌ಮನ್ 2010ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ತಮ್ಮದೇ ಒಂದು ಚಿತ್ರವನ್ನು ಬೇರೆ ಬೇರೆ ಫಾರ್ಮ್ಯಾಟ್‌ಗಳಲ್ಲಿ ಉಳಿಸಿ, ಒಂದೊಂದನ್ನೂ ಕೆಡಿಸಿದರು. ಮುಖ ಒಂದೇ, ಒಡೆದ ಗುರುತು ಮಾತ್ರ ಪ್ರತಿಯೊಂದರಲ್ಲೂ ಬೇರೆ. ಗ್ಲಿಚ್ ಆರ್ಟ್‌ನಲ್ಲಿ ನನಗೆ ಇಷ್ಟವಾಗುವುದೂ ಇದೇ. ಫೈಲಿನ ಒಳಗೆ ಚಿತ್ರ ಹೇಗೆ ಕೂತಿದೆ ಅನ್ನುವುದು ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಆಯ್ಕೆಗೆ ಮುಂಚೆ

ಮೊದಲನೆಯದು, ಎಂಥ ಚಿತ್ರ ಬೇಕು? ಬಣ್ಣ ಬದಲಾದ ಪಟ್ಟಿಗಳು, ಪಕ್ಕಕ್ಕೆ ಸರಿದ ಚೌಕಗಳು ಬೇಕಾ? ಅಲೆಅಲೆಯಾದ ನೆರಳುಗಳು ಬೇಕಾ? ಮೇಲಿಂದ ಕೆಳಗೆ ಸುರಿದಂಥ ಗೆರೆಗಳು ಬೇಕಾ? ಮೂರಕ್ಕೂ ಮೂರು ದಾರಿ ಇದೆ.

ಎರಡನೆಯದು ಹಿಡಿತ. ಏನು ಬಂದರೂ ಸರಿ ಅನ್ನುವವರಿಗೆ ಒಂದು ದಾರಿ. ಪೋಸ್ಟರ್‌ನಲ್ಲಿ ಇಂಥ ಕಡೆ ಮಾತ್ರ ಒಡೆಯಬೇಕು, ನಾಳೆ ಕೇಳಿದರೆ ಅದನ್ನೇ ಮತ್ತೆ ಮಾಡಿಕೊಡಬೇಕು ಅನ್ನುವವರಿಗೆ ಇನ್ನೊಂದು.

ಮೂರನೆಯದು, ಚಿತ್ರ ಎಲ್ಲಿಗೆ ಹೋಗುತ್ತದೆ ಅನ್ನುವುದು. ಫೋನಿನ ಸ್ಟೇಟಸ್‌ಗೆ 1000 ಪಿಕ್ಸೆಲ್ ಅಗಲ ಧಾರಾಳ ಸಾಕು. ಎ4 ಹಾಳೆಯಲ್ಲಿ 300 ಡಿಪಿಐಗೆ ಪ್ರಿಂಟ್ ಹಾಕಿಸಬೇಕಾದರೆ 2480 x 3508 ಪಿಕ್ಸೆಲ್ ಬೇಕು. ಈ ಎರಡು ಅಳತೆಗಳಲ್ಲಿ ಒಂದೇ ಗ್ಲಿಚ್ ಒಂದೇ ಥರ ಕಾಣುವುದಿಲ್ಲ. ಇದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಮೊದಲೇ ಯೋಚಿಸಿ.

ಇನ್ನು ದುಡ್ಡಿನ ಮಾತು. ಇಲ್ಲಿ ಹೇಳುವ ಸಾಫ್ಟ್‌ವೇರ್ ಎಲ್ಲವೂ ಉಚಿತ. ಹಳೆಯ 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಖರ್ಚಾಗುವುದು ಸಮಯ. ಬರೀ ಫೋನ್ ಇರುವವರಿಗೆ ಆಯ್ಕೆ ಕಡಿಮೆಯಾಗುತ್ತದೆ, ಪೂರ್ತಿ ಮುಚ್ಚಿಹೋಗುವುದಿಲ್ಲ.

ಯಾವ ದಾರಿ ಹಿಡಿದರೂ ಒಂದು ಕೆಲಸ ತಪ್ಪಿಸಬೇಡಿ. ಮೂಲ ಫೋಟೊ ಮುಟ್ಟಬೇಡಿ, ಕಾಪಿ ಮಾಡಿಕೊಂಡು ಅದರ ಮೇಲೆ ಕೈಯಾಡಿಸಿ. ಕೆಟ್ಟ ಫೈಲನ್ನು ಹಿಂದಕ್ಕೆ ತರುವ ದಾರಿ ಇಲ್ಲ.

ಜೆಪೆಗ್ ಮತ್ತು ಹೆಕ್ಸ್ ಎಡಿಟರ್

ಗ್ಲಿಚ್ ಅಂದ ಕೂಡಲೇ ಮನಸ್ಸಿಗೆ ಬರುವ ನೋಟ ಇದರದ್ದೇ. ಚಿತ್ರದ ಮೇಲಿನ ಭಾಗ ಸರಿಯಾಗಿರುತ್ತದೆ. ಒಂದು ಕಡೆಯಿಂದ ಬಣ್ಣ ಹಸಿರಿಗೋ ಗುಲಾಬಿಗೋ ತಿರುಗುತ್ತದೆ, ಕೆಳಗಿನದೆಲ್ಲ ಪಕ್ಕಕ್ಕೆ ಸರಿದು ಕೂರುತ್ತದೆ.

ಹೀಗಾಗಲು ಕಾರಣ ಇದೆ. ಜೆಪೆಗ್ ಚಿತ್ರವನ್ನು 8 x 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ ಸರಾಸರಿ ಬಣ್ಣವನ್ನು ನೇರವಾಗಿ ಬರೆದಿಡುವುದಿಲ್ಲ, ಹಿಂದಿನ ಚೌಕಕ್ಕಿಂತ ಎಷ್ಟು ವ್ಯತ್ಯಾಸ ಅಂತ ಮಾತ್ರ ಬರೆಯುತ್ತದೆ. ಕಿರಾಣಿ ಅಂಗಡಿಯ ಖಾತೆಯಲ್ಲಿ ಹಿಂದಿನ ಬಾಕಿಗೆ ಇವತ್ತಿನದನ್ನು ಕೂಡಿಸುತ್ತಾ ಹೋದ ಹಾಗೆ. ಒಂದು ಸಾಲಿನಲ್ಲಿ ತಪ್ಪಾದರೆ ಅದರ ಕೆಳಗಿನ ಮೊತ್ತವೆಲ್ಲ ತಪ್ಪು. ಅದರ ಜೊತೆಗೆ ಈ ಸಂಖ್ಯೆಗಳನ್ನು ಹಫ್‌ಮನ್ ಕೋಡ್‌ನಲ್ಲಿ ಒತ್ತಿ ಇಟ್ಟಿರುತ್ತಾರೆ. ಒಂದೊಂದು ಕೋಡಿನ ಉದ್ದವೂ ಬೇರೆ. ಮಧ್ಯೆ ಒಂದು ಬೈಟ್ ಬದಲಾದರೆ ಮುಂದಿನ ಕೋಡ್ ಎಲ್ಲಿ ಶುರುವಾಗುತ್ತದೆ ಅನ್ನುವುದೇ ತಪ್ಪಿಹೋಗುತ್ತದೆ. ಹಾಗಾಗಿ ಫೈಲಿನ ಶುರುವಿಗೆ ಹತ್ತಿರ ಕೈಯಿಟ್ಟಷ್ಟೂ ಕೆಡುವ ಭಾಗ ಜಾಸ್ತಿ.

ಮಾಡುವುದು ಸುಲಭ. ವಿಂಡೋಸ್‌ನಲ್ಲಿ ಎಚ್‌ಎಕ್ಸ್‌ಡಿ, ಮ್ಯಾಕ್‌ನಲ್ಲಿ ಹೆಕ್ಸ್ ಫೀಂಡ್, ಲಿನಕ್ಸ್‌ನಲ್ಲಿ ಜಿಹೆಕ್ಸ್ ಸಿಗುತ್ತವೆ. ಫೈಲು 'ಎಫ್ಎಫ್ ಡಿ8' ಅಂತ ಶುರುವಾಗಿ 'ಎಫ್ಎಫ್ ಡಿ9' ಅಂತ ಮುಗಿಯುತ್ತದೆ. ಈ ಎರಡನ್ನೂ ಮುಟ್ಟಬೇಡಿ. 'ಎಫ್ಎಫ್ ಡಿಎ' ಅಂತ ಹುಡುಕಿ. ಚಿತ್ರದ ನಿಜವಾದ ಡೇಟಾ ಅದರ ನಂತರ ಇದೆ. ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ಒಂದೆರಡು ಬೈಟ್ ಬದಲಾಯಿಸಿ, ಉಳಿಸಿ, ತೆರೆದು ನೋಡಿ. ಹೊಸದಾಗಿ 'ಎಫ್ಎಫ್' ಮಾತ್ರ ಟೈಪ್ ಮಾಡಬೇಡಿ. ಜೆಪೆಗ್ ಓದುವ ಸಾಫ್ಟ್‌ವೇರ್ ಅದನ್ನು ಸೂಚನೆ ಅಂದುಕೊಳ್ಳುತ್ತದೆ, ಫೈಲು ತೆರೆಯದೇ ಹೋಗಬಹುದು.

ಫೋನಿನ ಫೋಟೊ ಬಳಸುವವರು ಇಲ್ಲಿ ಎಡವುತ್ತಾರೆ. ಫೋನ್ ಫೋಟೊದ ಒಳಗೆ ಎಕ್ಸಿಫ್ ಮಾಹಿತಿಯ (ಫೋಟೊ ಯಾವಾಗ, ಎಲ್ಲಿ ತೆಗೆದದ್ದು ಅನ್ನುವಂಥ ವಿವರ) ಜೊತೆ ಒಂದು ಪುಟ್ಟ ಥಂಬ್‌ನೇಲ್ ಚಿತ್ರವೂ ಇರುವುದುಂಟು. ಅದೂ ಜೆಪೆಗ್ಗೇ, ಅದಕ್ಕೂ ತನ್ನದೇ 'ಎಫ್ಎಫ್ ಡಿಎ' ಇರುತ್ತದೆ. ಮೊದಲು ಸಿಕ್ಕಿದ್ದನ್ನೇ ಬದಲಾಯಿಸಿ, ದೊಡ್ಡ ಚಿತ್ರದಲ್ಲಿ ಏನೂ ಆಗಲಿಲ್ಲವಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಫೋಟೊವನ್ನು ಗಿಂಪ್ ಅನ್ನುವ ಉಚಿತ ಫೋಟೊ ಎಡಿಟರ್‌ನಲ್ಲಿ ತೆರೆದು, ಎಕ್ಸಿಫ್ ಮತ್ತು ಥಂಬ್‌ನೇಲ್ ಟಿಕ್ ತೆಗೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಈ ತೊಂದರೆ ಇಲ್ಲ. ಫೋಟೊ ತೆಗೆದ ಜಾಗದ ಮಾಹಿತಿಯೂ ಅದರ ಜೊತೆಗೇ ಹೋಗುತ್ತದೆ, ಅದೂ ಒಳ್ಳೆಯದೇ. ಐಫೋನ್ 2017ರ ಐಒಎಸ್ 11ರಿಂದ ಈಚೆಗೆ ಎಚ್ಇಐಸಿ ಫಾರ್ಮ್ಯಾಟ್‌ನಲ್ಲಿ ಉಳಿಸುತ್ತದೆ. ಅದನ್ನು ಮೊದಲು ಜೆಪೆಗ್‌ಗೆ ಬದಲಾಯಿಸಿಕೊಳ್ಳಿ.

ಎಕ್ಸ್‌ಪೋರ್ಟ್ ಮಾಡುವಾಗ 'ಪ್ರೋಗ್ರೆಸಿವ್' ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಗ್ಲಿಚ್‌ನ ಗುಣವೇ ಬದಲಾಗುತ್ತದೆ. ಪ್ರೋಗ್ರೆಸಿವ್ ಜೆಪೆಗ್ ಚಿತ್ರವನ್ನು ಹಲವು ಸುತ್ತುಗಳಲ್ಲಿ ಇಡುತ್ತದೆ. ಮೊದಲು ಮಸುಕಾಗಿ, ಆಮೇಲೆ ವಿವರ ತುಂಬುತ್ತಾ. ಮೊದಲ ಸುತ್ತಿನಲ್ಲಿ ಕೈಯಿಟ್ಟರೆ ದೊಡ್ಡ ದೊಡ್ಡ ಬಣ್ಣದ ಪಟ್ಟೆಗಳು ಬರುತ್ತವೆ. ಕೊನೆಯ ಸುತ್ತಿನಲ್ಲಿ ಕೈಯಿಟ್ಟರೆ ಚಿತ್ರ ಗುರುತು ಸಿಗುವಂತೆ ಉಳಿದು, ಮೇಲೆ ಒರಟು ಕಾಳುಗಳು ಚೆಲ್ಲಿದಂತೆ ಕಾಣುತ್ತದೆ. ಮುಖಗಳಿಗೆ ಈ ಎರಡನೆಯದು ನನಗೆ ಹೆಚ್ಚು ಇಷ್ಟ.

ಇನ್ನೊಂದು ಜಾಗವನ್ನು ಕಡಿಮೆ ಜನ ಮುಟ್ಟುತ್ತಾರೆ. 'ಎಫ್ಎಫ್ ಡಿಬಿ' ಅಂತ ಹುಡುಕಿ. ಅದರ ಮುಂದಿನ 3 ಬೈಟ್ ಬಿಟ್ಟರೆ 64 ಸಂಖ್ಯೆಗಳ ಒಂದು ಕೋಷ್ಟಕ ಇದೆ. ಚಿತ್ರದ ಪ್ರತಿ ಚೌಕವೂ ಇದೇ ಕೋಷ್ಟಕದಿಂದ ಗುಣಿಸಿಕೊಂಡು ಮೂಡುತ್ತದೆ. ಇದರ ಮೊದಲ ಸಂಖ್ಯೆ ಹೆಚ್ಚಿಸಿದರೆ ಇಡೀ ಚಿತ್ರದ ಬೆಳಕು-ನೆರಳು ಕಟುವಾಗುತ್ತದೆ. ಮುಂದಿನ ಸಂಖ್ಯೆಗಳನ್ನು ಹೆಚ್ಚಿಸಿದರೆ ಪ್ರತಿ ಚೌಕದೊಳಗೂ ನೇಯ್ಗೆಯಂಥ ಗೆರೆ ಬರುತ್ತದೆ. ಇಲ್ಲಿ ಫೈಲು ಮುರಿಯುವ ಭಯ ಕಡಿಮೆ, ಫಲಿತಾಂಶವೂ ಪ್ರತಿ ಸಲ ಒಂದೇ.

ಇಷ್ಟಾದರೂ ಹಿಡಿತದ ಲೆಕ್ಕದಲ್ಲಿ ಜೆಪೆಗ್ ಹಿಂದೆಯೇ. ಎಲ್ಲಿ ಒಡೆಯುತ್ತದೆ ಅಂತ ಅಂದಾಜು ಮಾಡಬಹುದು, ಹೇಗೆ ಒಡೆಯುತ್ತದೆ ಅಂತ ಹೇಳಲಾಗದು. ಅಳತೆಯ ಸಮಸ್ಯೆಯೂ ಇದೆ. 1000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅಡ್ಡಕ್ಕೆ 125 ಚೌಕಗಳು, 4000 ಪಿಕ್ಸೆಲ್ ಇದ್ದರೆ 500. ಹಾಗಾಗಿ ಫೋನಿನ ದೊಡ್ಡ ಫೋಟೊವನ್ನು ನೇರವಾಗಿ ಕೆಡಿಸಿದರೆ ಚೌಕಗಳು ಕಾಣುವುದೇ ಇಲ್ಲ. ಮೊದಲು ಚಿತ್ರ ಚಿಕ್ಕದು ಮಾಡಿ, ಕೆಡಿಸಿ, ಆಮೇಲೆ ದೊಡ್ಡದು ಮಾಡಿ. ದೊಡ್ಡದು ಮಾಡುವಾಗ ಗಿಂಪ್‌ನಲ್ಲಿ ಇಂಟರ್‌ಪೊಲೇಶನ್ 'ನನ್' (None) ಅಂತ ಇಟ್ಟರೆ ಅಂಚುಗಳು ಚೂಪಾಗಿಯೇ ಉಳಿಯುತ್ತವೆ.

ಬಿಎಂಪಿ ಮತ್ತು ಆಡಾಸಿಟಿ

ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ದಾರಿ ಇದು. ಬಿಎಂಪಿಯಲ್ಲಿ ಸಾಮಾನ್ಯವಾಗಿ ಡೇಟಾವನ್ನು ಒತ್ತಿ ಚಿಕ್ಕದು ಮಾಡಿರುವುದೇ (ಕಂಪ್ರೆಶನ್) ಇಲ್ಲ. ಶುರುವಿನಲ್ಲಿ ಚಿತ್ರದ ಅಳತೆಯಂಥ ವಿವರ ಇರುವ ಒಂದು ಹೆಡರ್, ಆಮೇಲೆ ಪಿಕ್ಸೆಲ್ ಮೇಲೆ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 3 ಬೈಟ್, ನೀಲಿ, ಹಸಿರು, ಕೆಂಪು ಈ ಕ್ರಮದಲ್ಲಿ. ಸಾಲುಗಳು ಕೆಳಗಿನಿಂದ ಮೇಲಕ್ಕೆ. ಹೆಡರ್ ಒಂದು ಸರಿ ಉಳಿದರೆ ಸಾಕು, ಉಳಿದ ಕಡೆ ಏನು ಮಾಡಿದರೂ ಫೈಲು ತೆರೆಯುತ್ತದೆ.

ಆಡಾಸಿಟಿ ಉಚಿತ ಆಡಿಯೊ ಎಡಿಟರ್. ಅದರಲ್ಲಿ ಇಂಪೋರ್ಟ್ ಮೆನುವಿನಲ್ಲಿ 'ರಾ ಡೇಟಾ' ಆರಿಸಿ ಬಿಎಂಪಿ ಫೈಲು ತೆರೆಯಿರಿ. ಎನ್‌ಕೋಡಿಂಗ್ 'ಯು-ಲಾ', ಚಾನೆಲ್ ಮೋನೊ, ಸ್ಯಾಂಪಲ್ ರೇಟ್ 44100. ಚಿತ್ರ ಈಗ ಶಬ್ದದ ಅಲೆಯಾಗಿ ಕಾಣುತ್ತದೆ. ಶುರುವಿನ 0.1 ಸೆಕೆಂಡ್ ಬಿಟ್ಟು ಉಳಿದದ್ದನ್ನು ಆರಿಸಿ ಎಫೆಕ್ಟ್ ಹಾಕಿ. ಎಕ್ಸ್‌ಪೋರ್ಟ್ ಮಾಡುವಾಗ ಹೆಡರ್ 'ರಾ', ಎನ್‌ಕೋಡಿಂಗ್ ಮತ್ತೆ ಯು-ಲಾ. ಒಳಗೆ ಬಂದ ಎನ್‌ಕೋಡಿಂಗ್‌ನಲ್ಲೇ ಹೊರಗೆ ಹೋಗಬೇಕು, ಇದನ್ನು ಮರೆಯಬೇಡಿ. ಫೈಲಿನ ಹೆಸರಿನ ಕೊನೆಗೆ ಬಿಎಂಪಿ ಅಂತ ಹಾಕಿ ತೆರೆಯಿರಿ.

ಇದರ ಸೊಗಸು ಲೆಕ್ಕದಲ್ಲಿದೆ. 1000 x 1000 ಚಿತ್ರ ತಗೊಳ್ಳಿ. ಒಂದು ಸಾಲಿಗೆ 3000 ಬೈಟ್. ಆಡಾಸಿಟಿ ಸೆಕೆಂಡಿಗೆ 44100 ಬೈಟ್ ಓದುತ್ತದೆ, ಅಂದರೆ 14 ಸಾಲು ಮತ್ತು 700 ಪಿಕ್ಸೆಲ್. ಇಡೀ ಚಿತ್ರ ಸುಮಾರು 68 ಸೆಕೆಂಡ್‌ನ ಶಬ್ದ. ಈಗ 'ಎಕೊ' ಎಫೆಕ್ಟ್‌ನಲ್ಲಿ ಡಿಲೇ 1 ಸೆಕೆಂಡ್ ಕೊಟ್ಟರೆ ಚಿತ್ರದ ನೆರಳು 14 ಸಾಲು ಮೇಲೆ, 700 ಪಿಕ್ಸೆಲ್ ಬಲಕ್ಕೆ ಬೀಳುತ್ತದೆ. 10 ಸೆಕೆಂಡ್ ಕೊಟ್ಟರೆ ಸರಿಯಾಗಿ 147 ಸಾಲು ಮೇಲೆ, ಪಕ್ಕಕ್ಕೆ ಒಂದು ಪಿಕ್ಸೆಲ್ಲೂ ಸರಿಯುವುದಿಲ್ಲ. ಡಿಲೇಯನ್ನು 3 ಬೈಟ್‌ಗಳ ಲೆಕ್ಕಕ್ಕೆ ಹೊಂದದಂತೆ ಇಟ್ಟರೆ ನೀಲಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕೆಂಪು ಬಂದು ನೆರಳಿನ ಬಣ್ಣವೇ ಬೇರೆಯಾಗುತ್ತದೆ. ಹೀಗೆ ಲೆಕ್ಕ ಹಾಕಿ ಗ್ಲಿಚ್ ಇಡುವ ಸುಖ ಬೇರೆ ಯಾವ ದಾರಿಯಲ್ಲೂ ನನಗೆ ಸಿಕ್ಕಿಲ್ಲ.

ಫೇಸರ್ ಹಾಕಿದರೆ ಬೆಳಕು ಮತ್ತು ಬಣ್ಣದ ಪಟ್ಟಿಗಳು ಅಲೆಯಂತೆ ಬರುತ್ತವೆ. ರಿವರ್ಬ್ ಬಣ್ಣವನ್ನು ಒರೆಸಿ ಹರಡುತ್ತದೆ. ಒಂದು ತುಣುಕನ್ನು ಆರಿಸಿ 'ರಿವರ್ಸ್' ಮಾಡಿದರೆ ಆ ಭಾಗ ತಲೆಕೆಳಗಾಗುತ್ತದೆ, ಎಡಬಲವೂ ತಿರುಗುತ್ತದೆ. ಶಬ್ದದ ಉದ್ದ ಬದಲಾಯಿಸುವ ಎಫೆಕ್ಟ್‌ಗಳನ್ನು ಶುರುವಿನಲ್ಲಿ ಬಿಡಿ. ಉದ್ದ ಬದಲಾದರೆ ಸಾಲುಗಳು ಸರಿದು ಚಿತ್ರ ಓರೆಯಾಗುತ್ತದೆ. ಅದು ಬೇಕು ಅನ್ನಿಸಿದಾಗ ಬಳಸಿದರಾಯಿತು.

ಕೊರತೆಗಳೂ ಇವೆ. ಜೆಪೆಗ್‌ನ ಚೌಕಗಳು ಇಲ್ಲಿ ಸಿಗುವುದಿಲ್ಲ. ಒಂದೊಂದು ಪ್ರಯತ್ನಕ್ಕೂ ಇಂಪೋರ್ಟ್, ಎಕ್ಸ್‌ಪೋರ್ಟ್ ಅಂತ ನಾಲ್ಕಾರು ಹೆಜ್ಜೆ. ಎ4 ಅಳತೆಯ ಬಿಎಂಪಿ ಸುಮಾರು 26 ಎಂಬಿ ಆಗುತ್ತದೆ, ಆಡಾಸಿಟಿಯಲ್ಲಿ ಅದು ಹತ್ತಿರಹತ್ತಿರ 10 ನಿಮಿಷದ ಶಬ್ದ. ಚಿಕ್ಕ ಚಿತ್ರದಲ್ಲಿ ಚೆನ್ನಾಗಿ ಬಂದ ಡಿಲೇ ಅಲ್ಲಿ ಕೆಲಸಕ್ಕೆ ಬಾರದು, ಸಾಲಿನ ಉದ್ದ ನೋಡಿ ಮತ್ತೆ ಲೆಕ್ಕ ಹಾಕಬೇಕು. ಗಿಂಪ್‌ನಿಂದ ಬಿಎಂಪಿ ಉಳಿಸುವಾಗ 24 ಬಿಟ್ ಆರಿಸಿ. ಇಲ್ಲದಿದ್ದರೆ ಪಿಕ್ಸೆಲ್‌ಗೆ ಎಷ್ಟು ಬೈಟ್ ಅನ್ನುವ ಲೆಕ್ಕವೇ ತಪ್ಪುತ್ತದೆ.

ಹಳೆಯ ಗೈಡ್‌ಗಳಲ್ಲಿ ಬಿಎಂಪಿಯನ್ನು ವರ್ಡ್‌ಪ್ಯಾಡ್‌ನಲ್ಲಿ ತೆರೆದು ಸುಮ್ನೆ ಸೇವ್ ಮಾಡಿ ಅಂತ ಇರುತ್ತದೆ. ಸಾಲು ಮುರಿಯುವ ಬೈಟ್‌ಗಳನ್ನು ವರ್ಡ್‌ಪ್ಯಾಡ್ ತನಗೆ ಬೇಕಾದಂತೆ ಬದಲಾಯಿಸುವುದರಿಂದ ಚಿತ್ರ ಓರೆಯಾಗಿ ಹರಿಯುತ್ತಿತ್ತು. ಆದರೆ 2024ರ ವಿಂಡೋಸ್ 11, 24ಎಚ್2 ಆವೃತ್ತಿಯಿಂದ ವರ್ಡ್‌ಪ್ಯಾಡ್ ಅನ್ನೇ ತೆಗೆದುಹಾಕಿದ್ದಾರೆ. ಹಳೆಯ ಕಂಪ್ಯೂಟರ್ ಇದ್ದವರು ನೋಡಬಹುದು.

ಪಿಎನ್‌ಜಿ ಹೇಗೆ?

ಹೊಸಬರಿಗೆ ಬೇಡ. ಪಿಎನ್‌ಜಿಯ ಪ್ರತಿ ತುಂಡಿಗೂ ಸಿಆರ್‌ಸಿ ಅನ್ನುವ ತಾಳೆ ಸಂಖ್ಯೆ ಇರುತ್ತದೆ. ಒಂದು ಬೈಟ್ ಬದಲಾದರೂ ಬಹಳ ಸಾಫ್ಟ್‌ವೇರ್‌ಗಳು ಫೈಲು ತೆರೆಯುವುದಿಲ್ಲ. ಒಳಗೆ ಒತ್ತಿಟ್ಟ ಡೇಟಾ ಬಿಚ್ಚಿ, ಕೆಡಿಸಿ, ಮತ್ತೆ ಕಟ್ಟಿ, ತಾಳೆ ಸಂಖ್ಯೆ ಸರಿಪಡಿಸಬೇಕು. ರೂಬಿ ಭಾಷೆ ಗೊತ್ತಿದ್ದವರಿಗೆ ಇದನ್ನೆಲ್ಲ ಮಾಡಿಕೊಡುವ 'ಪಿಎನ್‌ಗ್ಲಿಚ್' ಅನ್ನುವ ಲೈಬ್ರರಿ ಇದೆ. ಅದು ಪ್ರತಿ ಸಾಲಿನ ಫಿಲ್ಟರ್ ಬದಲಾಯಿಸಿ ಕೊಡುವ ಚಿತ್ರಗಳು ನಿಜಕ್ಕೂ ಚೆಂದ. ಜೆಪೆಗ್, ಬಿಎಂಪಿ ಎರಡೂ ಕೈಗೆ ಹತ್ತಿದ ಮೇಲೆ ನೋಡಿ.

ಪಿಕ್ಸೆಲ್ ಸಾರ್ಟಿಂಗ್

ಸಾಲಿನ ಅಥವಾ ಕಂಬದ ಪಿಕ್ಸೆಲ್‌ಗಳನ್ನು ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಜೋಡಿಸುವುದು ಇದರ ಕೆಲಸ. ಇಡೀ ಸಾಲನ್ನಲ್ಲ, ಒಂದು ಮಿತಿಗಿಂತ ಹೆಚ್ಚು ಬೆಳಕಿರುವ ಅಥವಾ ಕಡಿಮೆ ಇರುವ ತುಂಡುಗಳನ್ನು ಮಾತ್ರ. ಹಾಗಾಗಿ ಆಕಾಶ ಸುರಿದ ಹಾಗೆ ಕಾಣುತ್ತದೆ, ಮರಗಳು ಇದ್ದಲ್ಲೇ ನಿಲ್ಲುತ್ತವೆ. ಜರ್ಮನಿಯ ಕಲಾವಿದ ಕಿಮ್ ಆಸೆನ್‌ಡಾರ್ಫ್ 2010ರಲ್ಲಿ 'ಪ್ರೊಸೆಸಿಂಗ್' ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡ್‌ನಿಂದ ಇದು ಎಲ್ಲ ಕಡೆ ಹರಡಿತು. ಪೈಥಾನ್ ಬಲ್ಲವರಿಗೆ 'ಪಿಕ್ಸೆಲ್‌ಸಾರ್ಟ್' ಅನ್ನುವ ಪ್ಯಾಕೇಜ್ ಸಿಗುತ್ತದೆ. ಮಿತಿ ಮತ್ತು ಕೋನದ ಸಂಖ್ಯೆ ಕೊಟ್ಟರೆ ಚಿತ್ರ ತಯಾರು.

ಇಲ್ಲಿ ಫೈಲು ಕೆಡುವುದೇ ಇಲ್ಲ, ಪಿಕ್ಸೆಲ್‌ಗಳ ಜಾಗ ಮಾತ್ರ ಬದಲಾಗುತ್ತದೆ. ಇದನ್ನು ಗ್ಲಿಚ್ ಅನ್ನಲಾಗದು ಅಂತ ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆಕಸ್ಮಿಕ ಅನ್ನುವುದು ಇಲ್ಲಿ ಬಹಳ ಕಡಿಮೆ. ಆದರೆ ಪ್ರಿಂಟ್‌ಗೆ, ಪುಸ್ತಕದ ಮುಖಪುಟಕ್ಕೆ, ಬೇರೆಯವರಿಗೆ ಮಾಡಿಕೊಡುವ ಕೆಲಸಕ್ಕೆ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಎಷ್ಟು ದೊಡ್ಡ ಚಿತ್ರವಾದರೂ ಸರಿ, ಅದೇ ಸಂಖ್ಯೆ ಕೊಟ್ಟರೆ ಅದೇ ಫಲಿತಾಂಶ. ಬೆಲೆ ಏನು ಅಂದರೆ ಕೋಡ್ ಓಡಿಸುವಷ್ಟು ಕಲಿಯಬೇಕು. ಎಂದೂ ಕೋಡ್ ಮುಟ್ಟದವರಿಗೆ ಒಂದು ವಾರಾಂತ್ಯ ಬೇಕಾಗಬಹುದು.

ಆ್ಯಪ್ ಮತ್ತು ಬ್ರೌಸರ್

ಎರಡನ್ನೂ ಒಂದೇ ಅಂತ ನೋಡಬೇಡಿ. ಫೋನ್ ಆ್ಯಪ್‌ಗಳಲ್ಲಿ ಬಹುಪಾಲು ಗ್ಲಿಚ್ ಥರ ಕಾಣುವ ಫಿಲ್ಟರ್ ಹಾಕುತ್ತವೆ, ಫೈಲನ್ನು ಮುಟ್ಟುವುದಿಲ್ಲ. ಒಂದೇ ಫಿಲ್ಟರ್‌ನ್ನು ಸಾವಿರಾರು ಜನ ಬಳಸುವುದರಿಂದ ಚಿತ್ರಗಳೆಲ್ಲ ಅಣ್ಣತಮ್ಮಂದಿರಂತೆ ಇರುತ್ತವೆ. ಕೆಲವು ವಾಟರ್‌ಮಾರ್ಕ್ ಹಾಕುತ್ತವೆ, ಕೆಲವು ಎಲ್ಲ ಫೋಟೊಗಳಿಗೂ ಅನುಮತಿ ಕೇಳುತ್ತವೆ. ಕೊಡುವ ಮುಂಚೆ ನೋಡಿಕೊಳ್ಳಿ.

ಸ್ನಾರ್ಪಿ ಅನ್ನುವ ಹೆಸರಿನ ಡೆವಲಪರ್ ಮಾಡಿದ, ಬ್ರೌಸರ್‌ನಲ್ಲಿ ನಡೆಯುವ 'ಜೆಪಿಜಿ-ಗ್ಲಿಚ್' ಬೇರೆ ಜಾತಿಯದು. ಅದು ನಿಜವಾಗಿಯೂ ಜೆಪೆಗ್‌ನ ಬೈಟ್ ಬದಲಾಯಿಸುತ್ತದೆ. ನಾಲ್ಕು ಸ್ಲೈಡರ್‌ಗಳಿವೆ: ಅಮೌಂಟ್, ಸೀಡ್, ಇಟರೇಶನ್, ಕ್ವಾಲಿಟಿ. ಚೆನ್ನಾಗಿ ಬಂದ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಅದೇ ಫೋಟೊಗೆ ಮತ್ತೆ ಬಳಸಬಹುದು. ಬರೀ ಫೋನ್ ಇರುವವರಿಗೆ ನಾನು ಹೇಳುವುದು ಇದನ್ನೇ. ಹೆಕ್ಸ್ ಎಡಿಟರ್‌ನ ನೋಟ, ಹೆಕ್ಸ್ ಎಡಿಟರ್‌ನ ಕಷ್ಟ ಇಲ್ಲ. ಎಲ್ಲಿ ಒಡೆಯಬೇಕು ಅನ್ನುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿಲ್ಲ.

ವಿಡಿಯೊದ ಡೇಟಾಮಾಶಿಂಗ್ ಬಗ್ಗೆಯೂ ಕೇಳುವವರಿದ್ದಾರೆ. ಅದು ಪೂರ್ಣ ಫ್ರೇಮ್‌ಗಳನ್ನು ತೆಗೆದು, ಒಂದು ದೃಶ್ಯದ ಚಲನೆಯನ್ನು ಇನ್ನೊಂದು ದೃಶ್ಯದ ಪಿಕ್ಸೆಲ್‌ಗಳ ಮೇಲೆ ಓಡಿಸುವ ಕೆಲಸ. ಫೋಟೊದಿಂದ ಶುರು ಮಾಡುವವರು ಈಗ ಅತ್ತ ಹೋಗಬೇಕಿಲ್ಲ.

ಉಳಿಸುವುದು

ಕೆಟ್ಟ ಜೆಪೆಗ್‌ನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ತೋರಿಸುತ್ತದೆ. ಬ್ರೌಸರ್‌ನಲ್ಲಿ ಚೆಂದ ಕಂಡದ್ದು ಗ್ಯಾಲರಿಯಲ್ಲಿ ಅರ್ಧ ಬೂದು ಬಣ್ಣಕ್ಕೆ ತಿರುಗಬಹುದು, ಪ್ರಿಂಟ್ ಅಂಗಡಿಯಲ್ಲಿ ತೆರೆಯದೇ ಇರಬಹುದು. ಹಾಗಾಗಿ ಎಲ್ಲಿ ಚೆನ್ನಾಗಿ ಕಂಡಿತೋ ಅಲ್ಲಿಂದಲೇ ಪಿಎನ್‌ಜಿಯಾಗಿ ಉಳಿಸಿ, ಅದು ಆಗದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಅಂತ ಕಳಿಸಿದರೆ ಮತ್ತೆ ಒತ್ತಿ, ಸೂಕ್ಷ್ಮ ಗೆರೆಗಳೆಲ್ಲ ಮಸುಕಾಗುತ್ತವೆ.

ಯಾರಿಗೆ ಯಾವುದು

ಫೋನ್ ಮಾತ್ರ ಇದೆ, ಇವತ್ತೇ ಒಂದು ಚಿತ್ರ ಬೇಕು ಅನ್ನುವವರಿಗೆ ಜೆಪಿಜಿ-ಗ್ಲಿಚ್ ಸಾಕು. ಲ್ಯಾಪ್‌ಟಾಪ್ ಇದೆ, ಒಂದು ಸಂಜೆ ಬಿಡುವಿದೆ, ಏನು ಬಂದರೂ ಖುಷಿ ಅಂದರೆ ಹೆಕ್ಸ್ ಎಡಿಟರ್ ಹಾಕಿಕೊಳ್ಳಿ. ಹಾಡು, ರೆಕಾರ್ಡಿಂಗ್ ಅಂತ ಶಬ್ದದ ಜೊತೆ ಈಗಾಗಲೇ ಕೆಲಸ ಮಾಡುವವರು ಆಡಾಸಿಟಿಗೆ ಹೋಗಿ, ಕೈ ಬೇಗ ಕೂರುತ್ತದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಮೇಷ್ಟ್ರು, ಮೇಡಂಗಳಿಗೂ ಅದನ್ನೇ ಹೇಳುತ್ತೇನೆ. ಚಿತ್ರ ಅಂದರೆ ಸಂಖ್ಯೆಗಳ ಸಾಲು ಅನ್ನುವುದು ಒಂದು ಎಕೊ ಹಾಕಿದ ಕೂಡಲೇ ಮಕ್ಕಳಿಗೆ ಕಾಣುತ್ತದೆ.

ಪ್ರಿಂಟ್ ಅಥವಾ ದುಡ್ಡು ಪಡೆದು ಮಾಡುವ ಕೆಲಸಕ್ಕೆ ಪಿಕ್ಸೆಲ್ ಸಾರ್ಟಿಂಗ್. ಆ ಕೆಲಸದಲ್ಲೇ ಜೆಪೆಗ್‌ನ ಚೌಕಗಳು ಬೇಕೇ ಬೇಕು ಅಂದರೆ, ಒಂದೇ ಫೋಟೊದ ಹತ್ತು ಕಾಪಿ ಮಾಡಿ, ಹತ್ತು ಬೇರೆ ಜಾಗದಲ್ಲಿ ಕೆಡಿಸಿ, ಎಲ್ಲವನ್ನೂ ಪಿಎನ್‌ಜಿಯಾಗಿ ಉಳಿಸಿ. ಆಮೇಲೆ ಗಿಂಪ್‌ನಲ್ಲಿ ಪದರಪದರವಾಗಿ ಇಟ್ಟು, ಚೆನ್ನಾಗಿ ಒಡೆದ ಭಾಗ ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಅಳಿಸಿ.